ಜಯಂತಿಯ ಗಂಟಲು

ಜಯಂತಿಗೆ ದೇವರು ಎಲ್ಲವನ್ನೂ ಅಳತೆಯಲ್ಲೇ ಕೊಟ್ಟಿದ್ದ. ಎತ್ತರ ಅಳತೆಯಲ್ಲಿ, ಸಿಟ್ಟು ಅಳತೆಯಲ್ಲಿ, ಗಂಡ ಜಯರಾಜನೂ ಅಳತೆಯಲ್ಲೇ. ಗಂಟಲು ಕೊಡುವಾಗ ಮಾತ್ರ ಯಾರೋ ಹಿಂದಿನಿಂದ ಅವನ ಮೊಣಕೈ ತಟ್ಟಿರಬೇಕು, ಇಡೀ ಕೊಡವೇ ಮಗುಚಿಬಿಟ್ಟಿತ್ತು.

ಅವಳ ಅಪ್ಪ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದವರು. "ಕುಂದಾಪುರ ಕುಂದಾಪುರ ಭಟ್ಕಳ" ಎಂದು ಅವರು ಒಮ್ಮೆ ಕೂಗಿದರೆ, ಕಾರ್ಕಳಕ್ಕೆ ಹೊರಟವರೂ ಗಾಬರಿಯಾಗಿ ಕುಂದಾಪುರದ ಬಸ್ಸು ಹತ್ತುತ್ತಿದ್ದರಂತೆ. ಅಲ್ಲಿ ಗಂಟಲೆಂಬುದು ಹೊಟ್ಟೆಪಾಡಾಗಿತ್ತು. ಅದೇ ಗಂಟಲು ಜಯಂತಿಯ ಜತೆ ಕ್ಯಾಲಿಫೋರ್ನಿಯಾಕ್ಕೆ ಬಂದು ಇಳಿದ ದಿನದಿಂದ ಅವಳನ್ನು ಪೇಚಿಗೆ ಸಿಕ್ಕಿಸತೊಡಗಿತು.

ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳದು ಟೆಸ್ಟಿಂಗ್ ಕೆಲಸ. ಅವಳು ಫೋನ್ ಎತ್ತಿ "ಹಲೋ" ಎಂದರೆ ಸಾಕು, ಸುತ್ತಲಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಹೆಡ್‌ಫೋನು ಏರಿಸಿಕೊಳ್ಳುತ್ತಿದ್ದರು. ಮನೆಯಿದ್ದ ಡಬ್ಲಿನ್ ಎಂಬ ಊರಿನ ಭಜನಾ ಮಂಡಳಿಯವರು ಮೊದಲು ಅವಳ ಮುಂದಿದ್ದ ಮೈಕು ತೆಗೆದರು. ಆಮೇಲೆ ಅವಳನ್ನು ಹಿಂದಿನ ಸಾಲಿಗೆ ಕೂರಿಸಿದರು. ಕೊನೆಗೆ, "ಜಯಂತಿ ಅವ್ರೇ, ನಿಮ್ಮಷ್ಟು ಚೆನ್ನಾಗಿ ಹಣ್ಣು ಹೆಚ್ಚೋರು ಯಾರೂ ಇಲ್ಲ ನೋಡಿ" ಎಂದು ಅಡುಗೆಮನೆಗೇ ಕಳಿಸಿಬಿಟ್ಟರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ತನಗಾಗಿಯೇ ಹುಟ್ಟಿದ್ದೆಂದು ಜಯಂತಿ ನಂಬಿದಳು. ಹಣ್ಣು ಹೆಚ್ಚಿದಳು, ಬಾಯಿ ಮುಚ್ಚಿಕೊಂಡಳು.

ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಮಗಳಿಂದ. ಶ್ರೇಯಾ ಎರಡನೇ ಕ್ಲಾಸಿನಲ್ಲಿದ್ದಾಗ ಸಾಕರ್ ಆಡುತ್ತಿದ್ದಳು. ಮಗಳ ಕಾಲಿಗೆ ಚೆಂಡು ಸಿಕ್ಕಿದ ಸಂಭ್ರಮಕ್ಕೆ ಜಯಂತಿ "ಓಡು ಶ್ರೇಯಾ, ಓಡು!" ಎಂದು ಕೂಗಿದಳು. ಎರಡೂ ಟೀಮಿನ ಮಕ್ಕಳು ನಿಂತವು. ಪಕ್ಕದ ಮೈದಾನದ ಮಕ್ಕಳೂ ನಿಂತವು. ರೆಫರಿ ಯಾರಿಗೋ ಪೆಟ್ಟಾಯಿತೆಂದುಕೊಂಡು ಸೀಟಿ ಊದಿದ. ಏಳು ವರ್ಷದ ಪೋರಿ ಮೈದಾನದ ನಡುವಿನಿಂದ ತಲೆ ತಗ್ಗಿಸಿ ನಡೆದು ಬಂದು, ಕಿವಿಯವರೆಗೂ ಕೆಂಪಾಗಿ, "ಅಮ್ಮಾ, ಇನ್‌ಸೈಡ್ ವಾಯ್ಸ್ ಪ್ಲೀಸ್" ಎಂದಳು. ಆಕಾಶದ ಕೆಳಗೆ, ಹುಲ್ಲಿನ ಬಯಲಲ್ಲಿ, ಕೋಣೆಯೊಳಗಿನ ಮೆಲುದನಿ, ಇನ್‌ಸೈಡ್ ವಾಯ್ಸ್! ಈಗ ಶ್ರೇಯಾ ಮೌಂಟನ್ ವ್ಯೂನ ದೊಡ್ಡ ಕಂಪನಿಯೊಂದರಲ್ಲಿ ಇಂಜಿನಿಯರು. ಅವಳು ಮಾತಾಡುವುದೆಷ್ಟು ಮೆತ್ತಗೆಂದರೆ, ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಅರ್ಧ ಮಾತು ಬೇ ಏರಿಯಾದ ಗಾಳಿಗೆ ಹೋಗುತ್ತಿತ್ತು.

ಜಯಂತಿಯ ಗಂಟಲಿಗೆ ಉಳಿದದ್ದು ಒಂದೇ ಜಾಗ, ಸ್ಯಾನ್ ಮಟೇಯೊ ಸೇತುವೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕಾರುಗಳು ಅಲ್ಲಿ ಆಮೆನಡಿಗೆಯಲ್ಲಿ ತೆವಳುತ್ತವೆ, ಕೆಳಗೆ ನೀರು, ಮೇಲೆ ಕಡಲಹಕ್ಕಿ. ಅವಳು ಗಾಜು ಏರಿಸಿ, ಬೆನ್ನು ನೆಟ್ಟಗೆ ಮಾಡಿ, ಇದ್ದಬದ್ದ ಉಸಿರೆಲ್ಲ ಎಳೆದುಕೊಂಡು ಹಾಡುತ್ತಿದ್ದಳು. ದೇವರನಾಮ, ತುಳು ಪಾಡ್ದನ, ರೇಡಿಯೋದಲ್ಲಿ ಕೇಳಿದ ಜಾಹೀರಾತು, ಯಾವುದಾದರೂ ಸರಿ. ದಡ ಮುಟ್ಟುತ್ತಿದ್ದ ಹಾಗೆ ಬಾಯಿ ಮುಚ್ಚಿ ಮರ್ಯಾದಸ್ಥ ಹೆಂಗಸಾಗಿ ಆಫೀಸು ಸೇರುತ್ತಿದ್ದಳು. ಒಮ್ಮೆಯಾದರೂ ನಾಲ್ಕು ಜನರ ಮುಂದೆ, ಅದರಲ್ಲೂ ಮಗಳ ಮುಂದೆ, ಈ ಗಂಟಲನ್ನು ಪೂರ್ತಿ ತೆರೆದು, ಯಾರೂ ಮುಖ ಸಿಂಡರಿಸದ ಹಾಗೆ ಹಾಡಬೇಕೆಂಬುದು ಅವಳ ಆಸೆ. ಐವತ್ತೊಂಬತ್ತು ತುಂಬಿದ ಮೇಲೆ ಅದನ್ನು ಯಾರಿಗಾದರೂ ಹೇಳಲು ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಲೇನಿನಲ್ಲಿ ಸಿಕ್ಕಿಕೊಂಡವರು ಡಾಕ್ಟರ್ ಯೋಗಾನಂದ. ಬೆಂಗಳೂರು ಬಸವನಗುಡಿಯ ಕಡೆಯವರು, ಹೃದ್ರೋಗ ತಜ್ಞರು, ಡಬ್ಲಿನ್ನಿನವರೇ. ಹಗಲೆಲ್ಲ ಒಡೆಯುವ ಹೃದಯಗಳನ್ನು ರಿಪೇರಿ ಮಾಡಿ, ಸಂಜೆ ಮನೆಯಲ್ಲಿ ಒಡೆದ ಹೃದಯಗಳ ಒಪೆರಾ ಕೇಳಿ ಕಣ್ಣೀರು ಹಾಕುವ ಮನುಷ್ಯ. ಅವರ ಕಾರಿನ ಗಾಜು ಏರಿತ್ತು, ಇವಳ ಕಾರಿನ ಗಾಜೂ ಏರಿತ್ತು. ಎರಡು ಗಾಜು ದಾಟಿಕೊಂಡು ಬಂದ ದನಿ ಕೇಳಿ, ಮುಂದಿನ ಕಾರು ಹೊರಟದ್ದೂ ಅವರಿಗೆ ತಿಳಿಯಲಿಲ್ಲ. ಹಿಂದಿನವರೆಲ್ಲ ಹಾರ್ನು ಬಾರಿಸಿದರು.

ಸಂಜೆಗೇ ಫೋನು ಬಂತು.

"ಜಯಂತಿ ಅವ್ರೇ, ಬೆಳಿಗ್ಗೆ ಬ್ರಿಡ್ಜ್ ಮೇಲೆ ಹಾಡ್ತಿದ್ದೋರು ನೀವೇ ತಾನೇ?"

ಜಯಂತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಸಾರಿ ಡಾಕ್ಟ್ರೇ. ಇನ್ನು ಮೆಲ್ಲಗೆ ಹಾಡ್ತೇನೆ."

"ಅಯ್ಯೋ, ಮೆಲ್ಲಗೆ ಹಾಡಿದ್ರೆ ನಾನು ನಿಮ್ಮ ಮನೆ ಮುಂದೆ ಸತ್ಯಾಗ್ರಹ ಮಾಡ್ತೀನಿ! ಒಪೆರಾಕ್ಕೆ ಮೈಕಿಲ್ಲ ಕಣ್ರೀ. ಬರೀ ಗಂಟಲು! ಇಷ್ಟು ವರ್ಷದಿಂದ ನಾನು ಹುಡುಕ್ತಿರೋ ರಾಣಿ ಹಣ್ಣು ಹೆಚ್ಕೊಂಡು ಕೂತಿದ್ಲಲ್ರೀ!"

ಯುರೋಪಿನ ಹಳೆಯ, ಹೆಸರುವಾಸಿ ನಾಟಕವೊಂದು. ಅದನ್ನು ಇಟಲಿಯವರು ಹಾಡಾಗಿಸಿ ಲೋಕವೆಲ್ಲ ಅಳುವಂತೆ ಮಾಡಿದ್ದರು. ಈಗ ಯೋಗಾನಂದರು ರಾಗಗಳನ್ನು ಹಾಗೆಯೇ ಉಳಿಸಿಕೊಂಡು ಮಾತನ್ನು ಕನ್ನಡಕ್ಕೆ ತಂದಿದ್ದರು. ಕಥೆ ಇಷ್ಟೇ. ಚಾಡಿಮಾತಿಗೆ ಕಿವಿಗೊಟ್ಟ ದೊರೆ ತನ್ನ ನಿರಪರಾಧಿ ರಾಣಿಗೆ ವಿಷದ ಬಟ್ಟಲು ಕಳಿಸುತ್ತಾನೆ. ಅದು ವಿಷವೆಂದು ತಿಳಿದೇ ರಾಣಿ ಕುಡಿದು, ಹಾಡಿ, ಸಾಯುತ್ತಾಳೆ. ಸತ್ಯ ಗೊತ್ತಾದ ದೊರೆ ಅವಳ ಪಕ್ಕದಲ್ಲಿ ಹಾಡಿ, ಸಾಯುತ್ತಾನೆ. ದೊರೆಯ ಪಾತ್ರಕ್ಕೆ ಮೈಸೂರಿನ ವ್ಯಾಸರಾಜ. ರಿಯಲ್ ಎಸ್ಟೇಟ್ ಏಜೆಂಟನಾದ್ದರಿಂದ ಎಂಥ ಮಾತನ್ನೂ ಕಣ್ಣಲ್ಲಿ ನೀರು ತಂದುಕೊಂಡು ಹೇಳಬಲ್ಲ. ಪಿಯಾನೊಗೆ ಡಾರ್ಲೀನ್ ಎಂಬ ಅಮೆರಿಕನ್ ಮುದುಕಿ. ಕನ್ನಡದ ಗಂಧಗಾಳಿ ಇಲ್ಲದಿದ್ದರೂ, ಜಯಂತಿಗೆ ಉಸಿರು ಎಲ್ಲಿಂದ ತೆಗೆಯಬೇಕೆಂದು ಹೊಟ್ಟೆ ಮುಟ್ಟಿ ಮುಟ್ಟಿ ಕಲಿಸಿದವಳು ಅವಳೇ.

ಯೋಗಾನಂದರ ಗರಾಜಿನಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿತು. ಮೊದಲ ದಿನ ಜಯಂತಿ ಬಾಯಿ ಬಿಟ್ಟಾಗ ಗರಾಜಿನ ಬಾಗಿಲೇ ಝಣಝಣ ಎಂದಿತು. ಅವಳು ತಟಕ್ಕನೆ ನಿಂತಳು. ಯಾರೂ ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ಡಾರ್ಲೀನ್ ಕನ್ನಡಕ ತೆಗೆದು ಒರೆಸಿಕೊಂಡು "ಮೋರ್" ಎಂದಳು. ಆ ದಿನ ಮನೆಗೆ ಬಂದ ಜಯಂತಿ ಕುಣಿಯುತ್ತಲೇ ದೋಸೆ ಹೊಯ್ದಳು, ಮೊದಲನೆಯದು ನೆಲಕ್ಕೆ ಬಿತ್ತು.

"ಎಂತಾಯ್ತು ಮಾರಾಯ್ತಿ, ಲಾಟರಿ ಹೊಡೀತಾ?" ಎಂದ ಜಯರಾಜ.

"ಅದಕ್ಕಿಂತ ದೊಡ್ಡದು ಮಾರ್ರೆ. ಜೋರು ಹಾಡು ಅಂದ್ರು! ನನಗೆ!"

ಯೋಗಾನಂದರಿಗೆ ಇದ್ದ ಹೆದರಿಕೆ ಒಂದೇ, ನಮ್ಮ ಜನ. ಹೋದ ರಾಜ್ಯೋತ್ಸವದ ನಾಟಕದಲ್ಲಿ ರಣರಂಗದಲ್ಲಿ ಸತ್ತುಬಿದ್ದ ಮಂಜುನಾಥ, ಕಿಸೆಯ ಫೋನು ಹೊಡೆದುಕೊಂಡಾಗ ಎದ್ದು ಕೂತು, "ಆಮೇಲೆ ಮಾಡ್ತೀನಿ" ಎಂದು ಹೇಳಿ, ಮತ್ತೆ ಸತ್ತಿದ್ದ. ಅದಕ್ಕೇ ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆಣೆ ಹಾಕಿಸಿದರು. "ಇದು ಒಪೆರಾ. ಟ್ರ್ಯಾಜಿಡಿ. ಸತ್ತೋರು ಸತ್ತ ಹಾಗೇ ಇರಬೇಕು. ಏನೇ ಆದ್ರೂ ಏಳಬಾರದು."

ಟೆಸ್ಟಿಂಗಿನವಳ ಬುದ್ಧಿ ಎಲ್ಲಿ ಬಿಟ್ಟೀತು! ಜಯಂತಿ ಕೈಯೆತ್ತಿದಳು. "ಉಸಿರಾಡಬಹುದಾ ಡಾಕ್ಟ್ರೇ?"

"ಆಡಿ."

"ಸೊಳ್ಳೆ ಕಚ್ಚಿದ್ರೆ?"

"ಕಚ್ಚಿಸ್ಕೊಳ್ಳಿ. ಭೂಕಂಪ ಆದ್ರೂ ಏಳಬೇಡಿ. ಅಷ್ಟೇ ರೂಲು."

ಎಲ್ಲ ಸರಿಹೋಯಿತು ಅನ್ನುವಾಗ ಶ್ರೇಯಾಳ ಫೋನು ಬಂತು. ಬರುತ್ತಾಳಂತೆ. ತನ್ನ ಆಫೀಸಿನ ಟೀಮನ್ನೂ ಕರೆತರುತ್ತಾಳಂತೆ, ಅವರಿಗೆ ಒಪೆರಾ ಎಂದರೆ ಇಷ್ಟವಂತೆ. ಜಯಂತಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಅಷ್ಟರಲ್ಲಿ ಮಗಳು ತಡವರಿಸಿದಳು.

"ಅಮ್ಮಾ, ಜಸ್ಟ್... ಡೋಂಟ್ ಗೋ ಫುಲ್ ಫುಲ್, ಓಕೆ? ಮೈ ಮ್ಯಾನೇಜರ್ ವಿಲ್ ಬಿ ದೇರ್."

"ಆಯ್ತು ಮಗಾ" ಎಂದಳು ಜಯಂತಿ. ಮತ್ತೇನು ಹೇಳಿಯಾಳು?

ಮಾರನೆಯ ತಾಲೀಮಿನಲ್ಲಿ ಅವಳ ದನಿ ಅರ್ಧಕ್ಕಿಳಿದಿತ್ತು. ಯೋಗಾನಂದರು ತಲೆ ಚಚ್ಚಿಕೊಂಡರು. ಡಾರ್ಲೀನ್ ಅವಳ ಹೊಟ್ಟೆ ಮುಟ್ಟಿ ನೋಡಿ, "ಯಾರೋ ಬಾಗಿಲು ಹಾಕಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಜಯಂತಿ ನೆಗಡಿಯ ನೆಪ ಹೇಳಿದಳು. ಅವಳಿಗೆ ಅಳು ಬರುತ್ತಿತ್ತು. ಗಂಟಲು ತೆರೆದರೆ ಮಗಳಿಗೆ ಅವಮಾನ, ಮುಚ್ಚಿದರೆ ತಾನು ರಾಣಿಯೇ ಅಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಗಾಡಿಯ ಗತಿಯೇನು!

ಭಾನುವಾರ ಮಧ್ಯಾಹ್ನ ಪ್ರದರ್ಶನ. ಬಾಡಿಗೆಗೆ ಹಿಡಿದ ಸಭಾಂಗಣ ತುಂಬಿ ತುಳುಕುತ್ತಿತ್ತು, ಯಾಕೆಂದರೆ ಆಮೇಲೆ ಬಿಸಿಬೇಳೆಬಾತು ಇದೆಯೆಂದು ಮೊದಲೇ ಸಾರಿದ್ದರು. ಪರದೆಯ ಸಂದಿಯಿಂದ ಜಯಂತಿ ನೋಡಿದಳು. ನಡುಸಾಲಿನಲ್ಲಿ ಶ್ರೇಯಾ, ಅವಳ ಅಕ್ಕಪಕ್ಕ ಆಫೀಸಿನವರು. ಜಯಂತಿ ಸೀರೆಯ ಸೆರಗಿನಿಂದ ಅಂಗೈ ಒರೆಸಿಕೊಂಡಳು.

ಮೊದಲ ಅಂಕದಲ್ಲಿ ಅವಳು ಮಗಳಿಗೆ ಕೊಟ್ಟ ಮಾತಿನಂತೆ ಹಾಡಿದಳು. ಮೆಲ್ಲಗೆ, ಚೊಕ್ಕವಾಗಿ, ಭಜನಾ ಮಂಡಳಿಯವರು ಮೆಚ್ಚುವ ಹಾಗೆ. ಜನ ಕೆಮ್ಮಿದರು. ಒಬ್ಬ ಫೋನು ನೋಡಿದ. ಎಲ್ಲಿಯೋ ಒಂದು ಮಗು ಚಿಪ್ಸಿನ ಪೊಟ್ಟಣ ಬಿಚ್ಚಿದ ಸದ್ದು ರಾಣಿಯ ಹಾಡಿಗಿಂತ ಜೋರಾಗಿ ಕೇಳಿತು. ಪಕ್ಕದ ಪರದೆಯ ಮರೆಯಲ್ಲಿ ಯೋಗಾನಂದರು ತಮ್ಮ ಎದೆಯನ್ನು ತಾವೇ ನೀವಿಕೊಳ್ಳುತ್ತಿದ್ದರು.

ಆಗ ಕೊನೆಯ ಸಾಲಿನಿಂದ ಗೌರಮ್ಮನ ದನಿ ಬಂತು. ಗದಗಿನ ಕಡೆಯ ಅಜ್ಜಿ, ಮಗನ ಮನೆಗೆ ಬಂದವರು, ಒಪೆರಾದ ಶಿಸ್ತೂ ಗೊತ್ತಿಲ್ಲ, ಅದರ ಗೊಡವೆಯೂ ಇಲ್ಲ.

"ಏನ ಹಾಡಾಕತ್ತೀಯವಾ ತಂಗೀ? ಒಂದಕ್ಷರ ಕೇಳವಲ್ದು! ಜೋರ ಹಾಡವಾ, ಊಟಾ ಮಾಡಿಲ್ಲೇನು?"

ಸಭೆ ಗೊಳ್ಳೆಂದಿತು. ಜಯಂತಿಗೆ ಮೊದಲು ಮೈಯೆಲ್ಲ ಬಿಸಿಯಾಯಿತು. ಮರುಕ್ಷಣ ಒಳಗೆಲ್ಲೋ ಕಚಗುಳಿ ಇಟ್ಟಂತಾಗಿ ನಗು ಉಕ್ಕಿತು. ಅರವತ್ತರ ಹೊಸ್ತಿಲಿಗೆ ಬಂದು, ಜರಿಸೀರೆ ಉಟ್ಟು, ಕಿರೀಟ ಹೊತ್ತು, ಬೆಳಕಿನಲ್ಲಿ ನಿಂತು, ಇನ್ನೂ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುವವಳ ಹಾಗೆ ಹಾಡುವುದೇ? ಕ್ಷಮಿಸು ಮಗಾ, ಎಂದುಕೊಂಡಳು. ಕಾಲೂರಿ ನಿಂತಳು. ಹೊಟ್ಟೆಯ ತಳದಿಂದ ಉಸಿರೆಳೆದು, ಗಂಟಲಿನ ಬಾಗಿಲನ್ನು ಚಿಲಕ ಸಮೇತ ತೆಗೆದುಬಿಟ್ಟಳು.

ಚಿಪ್ಸಿನ ಪೊಟ್ಟಣ ನಿಂತಿತು. ಫೋನು ನೋಡುತ್ತಿದ್ದವನು ಅದನ್ನು ತೊಡೆಯ ಮೇಲಿಂದ ಬೀಳಿಸಿದ. ಎದುರಿಗೆ ನಿಂತಿದ್ದ ವ್ಯಾಸರಾಜ ಒಂದು ಹೆಜ್ಜೆ ಹಿಂದೆ ಸರಿದು, ತಾನು ದೊರೆಯೆಂಬುದು ನೆನಪಾಗಿ ಮತ್ತೆ ಮುಂದೆ ಬಂದ. "ಹಾಂ, ಈಗ ಬಂತು ನೋಡು" ಎಂದರು ಗೌರಮ್ಮ. ಜಯಂತಿಗೆ ತಾನು ನೆಲದ ಮೇಲಿದ್ದೇನೋ ಇಲ್ಲವೋ ತಿಳಿಯಲಿಲ್ಲ. ಇಷ್ಟು ಹಗುರ, ಇಷ್ಟು ಸುಖ! ಸಾಯುವ ಪಾತ್ರ ಮಾಡುವವಳು ಇಷ್ಟೊಂದು ಖುಷಿಯಾಗಿರಬಾರದೆಂದು ಅವಳೇ ತನ್ನನ್ನು ಗದರಿಸಿಕೊಂಡಳು. ಮಗಳ ಕಡೆ ಮಾತ್ರ ನೋಡಲಿಲ್ಲ. ನೋಡಲು ಧೈರ್ಯ ಸಾಲಲಿಲ್ಲ.

ಕೊನೆಯ ಅಂಕ. ವಿಷದ ಬಟ್ಟಲು ಬಂತು, ಒಳಗಿದ್ದದ್ದು ಕೋಕಂ ಶರಬತ್ತು. ರಾಣಿ ಕುಡಿದಳು, ಮಂಚಕ್ಕೊರಗಿದಳು.

"ವಿಷವ ಕುಡಿಯಲಿಲ್ಲ ದೊರೆಯೇ, ನಿನ್ನ ಮಾತ ಕುಡಿದೆನು" ಎಂದು ಶುರುವಾದ ಹಾಡು, ಏರಿ ಏರಿ, ಛಾವಣಿ ಮುಟ್ಟಿ, ಅಲ್ಲೇ ನಿಂತು, ನಿಧಾನಕ್ಕೆ ಇಳಿದು ಬಂದು ಆರಿತು. ರಾಣಿ ಸತ್ತಳು.

ಆಮೇಲೆ, ಯೋಗಾನಂದರು ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು.

"ಒನ್ಸ್ ಮೋರ್!" ಎಂದು ಮಂಜುನಾಥ ಎದ್ದು ನಿಂತ. "ಒನ್ಸ್ ಮೋರ್, ಒನ್ಸ್ ಮೋರ್!" ಎಂದು ಬಲಗಡೆಯವರು. ಶಿಳ್ಳೆಗಳು. ನಮ್ಮವರಿಗೆ ಹಾಡು ಹಿಡಿಸಿದ ಮೇಲೆ ಹಾಡಿದವರು ಸತ್ತರೇನು ಬದುಕಿದರೇನು, ಇನ್ನೊಮ್ಮೆ ಹಾಡಲೇಬೇಕು! ಅಜ್ಜಂದಿರ ಕಾಲದಿಂದ ಬಂದ ಹಕ್ಕು ಅದು. ಕಡಲು ದಾಟುವಾಗ ಉಪ್ಪಿನಕಾಯಿಯ ಜತೆ ಅದನ್ನೂ ಕಟ್ಟಿ ತಂದಿದ್ದಾರೆ. ಡಾರ್ಲೀನಳ ಕೈಗಳು ಪಿಯಾನೊದ ಮೇಲೆ ಗಾಳಿಯಲ್ಲೇ ನಿಂತವು. ಪರದೆಯ ಮರೆಯಲ್ಲಿ ಯೋಗಾನಂದರು ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದರು. ಶವದ ಪಕ್ಕ ಮಂಡಿಯೂರಿದ್ದ ವ್ಯಾಸರಾಜ ಅತ್ತಂತೆ ಮಾಡಿ ಬಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದ.

"ಜಯಂತಿ ಅವ್ರೇ, ಏನ್ ಮಾಡೋದ್ರೀ? ಇವ್ರು ಸುಮ್ನಾಗ್ದೆ ನಾನು ಸಾಯೋಕಾಗಲ್ಲ!"

ಶವಕ್ಕೆ ನಗು ತಡೆಯಲಾಗದೆ ಹೊಟ್ಟೆ ಕುಲುಕುತ್ತಿತ್ತು. ಆದರೂ ಏಳಲಿಲ್ಲ. ಆಣೆಯೆಂದರೆ ಆಣೆ. ಕೂಗು ತಾನಾಗಿ ಇಳಿಯಿತು. ಮಂಜುನಾಥನನ್ನು ಅವನ ಹೆಂಡತಿ ಅಂಗಿ ಹಿಡಿದೆಳೆದು ಕೂರಿಸಿದಳು. ಡಾರ್ಲೀನ್ ದೊರೆಯ ಹಾಡಿಗೆ ಬೆರಳು ಎತ್ತಿದಳು.

ಆಗ, ಎಲ್ಲರೂ ಸುಮ್ಮನಾದ ಮೇಲೆ, ಒಂದೇ ಒಂದು ದನಿ ಎದ್ದಿತು.

"ಅಮ್ಮಾ! ಒನ್ಸ್ ಮೋರ್!"

ದನಿ ಹಿಂದಿನ ಗೋಡೆಗೆ ಹೊಡೆದು, ಛಾವಣಿಗೆ ತಾಗಿ, ವೇದಿಕೆಗೆ ಬಂದು ಬಿತ್ತು. ಮುಂದಿನ ಸಾಲಿನವರು ಕಿವಿ ಮುಟ್ಟಿ ನೋಡಿಕೊಂಡರು. ಕಣ್ಣು ಮುಚ್ಚಿ ಮಲಗಿದ್ದ ಜಯಂತಿಗೆ ಒಂದು ಗಳಿಗೆ ತಾನೇ ಕೂಗಿದೆನೇನೋ ಎನ್ನಿಸಿತು. ಅದು ಅವಳದೇ ಗಂಟಲು. ಅದೇ ಅಗಲ, ಅದೇ ಒರಟು, ಅಳತೆ ತಪ್ಪಿದ ಅದೇ ಕೊಡ. ಆದರೆ ತನ್ನ ಬಾಯಿ ಮುಚ್ಚಿದೆ! ಹಾಗಾದರೆ ಕೂಗಿದ್ದು, ಫೋನಿನಲ್ಲಿ ಅರ್ಧ ಮಾತೂ ಕೇಳಿಸದ ಆ ಹುಡುಗಿ. ಮ್ಯಾನೇಜರನ ಪಕ್ಕದಲ್ಲಿ ಎದ್ದು ನಿಂತು.

ಸತ್ತ ರಾಣಿಯ ಮುಚ್ಚಿದ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಇನ್ನು ಅವಳನ್ನು ಯಾರು ತಡೆದಾರು? ರೂಲು ಏನು? ಏಳಬಾರದು. ಹಾಡಬಾರದೆಂದು ಯಾರೂ ಹೇಳಿಲ್ಲ. ಇಷ್ಟು ವರ್ಷ ಟೆಸ್ಟಿಂಗ್ ಮಾಡಿದ್ದು ಸುಮ್ಮನೆಯೇ? ಮಲಗಿದಲ್ಲಿಂದ ತಲೆಯನ್ನೂ ಎತ್ತದೆ, ಬೆರಳನ್ನೂ ಆಡಿಸದೆ, ಜಯಂತಿ ಬಾಯಿ ತೆರೆದಳು.

"ವಿಷವ ಕುಡಿಯಲಿಲ್ಲ ದೊರೆಯೇ..."

ಸಭೆಯಲ್ಲಿ ನಗುವಿನ ಅಲೆಯೊಂದು ಎದ್ದಿತು. ಡಾರ್ಲೀನ್ ಜಾಣೆ, ಎರಡನೇ ಸಾಲಿಗೇ ಜತೆಗೂಡಿದಳು. ಮೂರನೇ ಸಾಲಿಗೆ ನಗು ಅಡಗಿತು. ಹೆಣ ಹಾಡುತ್ತಿದೆಯೆಂಬುದು ತಮಾಷೆಯಾಗಿ ಉಳಿಯಲಿಲ್ಲ. ಸತ್ತ ಮೇಲೂ ಗಂಡನನ್ನು ಬಿಟ್ಟುಕೊಡಲಾರದ ಹೆಂಗಸಿನ ಹಾಡಾಗಿ ಅದು ಜನರೊಳಗೆ ಇಳಿಯಿತು. ಗೌರಮ್ಮ ಮೂಗಿಗೆ ಸೆರಗು ಹಿಡಿದರು. ವ್ಯಾಸರಾಜ ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತು, ಕಣ್ಣೀರಿಗೆ ಅಂಟು ಬಿಟ್ಟ ಮೀಸೆ ಒಂದು ಕಡೆ ಜೋತಾಡುತ್ತಿರುವಂತೆಯೇ ತನ್ನ ಪಾಲಿನದನ್ನು ಹಾಡಿ, ಸತ್ತ. ಸಾಯುವಾಗ ಮೀಸೆ ರಾಣಿಯ ತೋಳಿನ ಮೇಲೆ ಬಿತ್ತು. ರಾಣಿ ಏಳಲಿಲ್ಲ.

ಪರದೆ ಬಿದ್ದ ಮೇಲೆ ಯೋಗಾನಂದರು ಓಡಿ ಬಂದರು. ಬಯ್ಯಬೇಕೆಂದೇ ಬಂದದ್ದು. ಬಾಯಿ ತೆರೆದರೆ ಅಳು ಬಂತು. "ಏಳಲಿಲ್ಲ ನೀವು" ಎಂದಷ್ಟೇ ಹೇಳಿ ಕೈಮುಗಿದರು.

ಬಿಸಿಬೇಳೆಬಾತಿನ ಸಾಲು ದಾಟಿ ಜಯಂತಿ ಹೊರಗೆ ಬರುವ ಹೊತ್ತಿಗೆ ಇನ್ನೂ ಬಿಸಿಲಿತ್ತು. ಜಯರಾಜ ಎಲ್ಲೋ ದೂರದಲ್ಲಿ ಕಾರು ಹುಡುಕುತ್ತಿದ್ದ. ಬಣ್ಣ ಬಳಿದ ಮುಖವನ್ನೂ ಲೆಕ್ಕಿಸದೆ ಶ್ರೇಯಾ ಓಡಿ ಬಂದು ಅವಳನ್ನು ತಬ್ಬಿಕೊಂಡಳು.

"ಅದು ನೀನೇನಾ ಮಗಾ? ಆ ಗಂಟಲು ಯಾವಾಗಿಂದ ಇತ್ತು ನಿಂಗೆ?"

"ಆಲ್ವೇಸ್, ಅಮ್ಮಾ" ಎಂದಳು ಶ್ರೇಯಾ, ಭುಜದಲ್ಲಿ ಮುಖವಿಟ್ಟುಕೊಂಡೇ. "ಐ ವಾಸ್ ಸೋ ಸ್ಕೇರ್ಡ್ ಆಫ್ ಇಟ್."

ಜಯಂತಿಗೆ ಆಗ ಹೊಳೆಯಿತು. ಸೇತುವೆಯ ಮೇಲೆ ಮಾತ್ರ ಹಾಡಿ, ದಡದಲ್ಲಿ ಬಾಯಿ ಮುಚ್ಚಿಕೊಂಡ ಅಮ್ಮನನ್ನು ನೋಡಿಯೇ ಈ ಹುಡುಗಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದಾಳೆ. ಗಂಟಲನ್ನೂ ತಾನೇ ಕೊಟ್ಟದ್ದು, ಬೀಗವನ್ನೂ ತಾನೇ ಕೊಟ್ಟದ್ದು. ಏನಾದರೂ ಹೇಳಬೇಕೆಂದು ನೋಡಿದಳು. ಹುಟ್ಟಿದಂದಿನಿಂದ ಮೊದಲ ಸಲ ದನಿಯೇ ಹೊರಡಲಿಲ್ಲ. ಜಯರಾಜನ ಕಡೆ ಕೈ ತೋರಿಸಿ, ಕೂಗು, ಎಂದು ಸನ್ನೆ ಮಾಡಿದಳು.

ಶ್ರೇಯಾ ಸುತ್ತ ನೋಡಿದಳು. ಅವಳ ಮ್ಯಾನೇಜರು ಕಾಗದದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ. ಅವಳು ಕಣ್ಣು ಒರೆಸಿಕೊಂಡಳು, ಹೊಟ್ಟೆ ತುಂಬ ಉಸಿರೆಳೆದುಕೊಂಡಳು.

"ಕಾರು ಇಲ್ಲಿ ತನ್ನೀ!"

ಮ್ಯಾನೇಜರನ ತಟ್ಟೆಯ ಹಪ್ಪಳ ನೆಲಕ್ಕೆ ಹಾರಿತು. ದೂರದಲ್ಲಿ ಜಯರಾಜ ತಿರುಗಿಯೂ ನೋಡದೆ, ಕೈ ಮೇಲೆತ್ತಿ ಕೂಗಿದ.

"ಬಂದೆ ಬಂದೆ ಜಯಂತೀ, ಬೊಬ್ಬೆ ಹೊಡಿಬೇಡ ಮಾರಾಯ್ತಿ!"